ಮೊದಲು ಕೇಳಬೇಕಾದ ಪ್ರಶ್ನೆ

ನಾನು ಹೇಳಿಕೊಟ್ಟ ಮೊದಲನೇ ಪಾಠಕ್ಕೇ ಮಾರ್ಲಿಸ್ ನಕ್ಕುಬಿಟ್ಟಳು. ವಿಡಿಯೋ ಕರೆಯಲ್ಲಿ ರೋಗಿಯ ಮುಖ ಕಂಡ ಕೂಡಲೇ ‘ಈಗ ಎಲ್ಲಿದ್ದೀರಿ?’ ಎಂದು ಕೇಳಬೇಕು. ನಿದ್ದೆ, ಊಟ, ಮಾತ್ರೆಯ ವಿಚಾರವೆಲ್ಲ ಆಮೇಲೆ.

“ವೆರ್ನಾ, ನಮ್ಮ ಕಡೆ ಹೀಗೆ ಕೇಳಿದ್ರೆ ನರ್ಸಿಗೇ ತಲೆ ಕೆಟ್ಟಿದೆ ಅಂತಾರೆ. ಯಾರ ಮನೆ ಎಲ್ಲಿ, ಯಾರ ನಾಯಿ ಯಾರನ್ನ ಕಚ್ಚುತ್ತೆ, ಎಲ್ಲಾ ನಂಗೊತ್ತು.”

“ಗೊತ್ತಿದ್ರೂ ಕೇಳು. ನೀನು ಇಲ್ಲಿ, ಅವರು ನೂರು ಮೈಲಿ ಆಚೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಶೆರಿಫ್‌ನ ಪೊಲೀಸರನ್ನ ಎಲ್ಲಿಗೆ ಕಳಿಸ್ತೀಯ?”

“ಸರಿ ಸರಿ” ಎಂದಳು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವರ ‘ಸರಿ ಸರಿ’ ಕೇಳಿದರೆ ನನಗೆ ಮೈ ಉರಿಯುತ್ತದೆ.

ಮೊಂಟಾನಾದ ನಮ್ಮ ಗೋಧಿ ಸೀಮೆಗೆ ಮನೋವೈದ್ಯರು ಬರುವುದಿಲ್ಲ, ಬಂದರೂ ಒಂದು ಚಳಿಗಾಲಕ್ಕೆ ಓಡಿಹೋಗುತ್ತಾರೆ. ಹಾಗಾಗಿ ನಮ್ಮಂಥ ನರ್ಸುಗಳೇ ಇನ್ನಷ್ಟು ಓದಿ, ರೋಗಿಗಳನ್ನು ನೋಡಿ ಔಷಧಿ ಬರೆಯುತ್ತೇವೆ. ಮಾರ್ಲಿಸ್ ವಾರ್ಡಿನಲ್ಲಿ ಪಳಗಿದವಳು. ಕಿರುಚುವವರ ಪಕ್ಕ ಕೂತು ಭುಜ ಮುಟ್ಟಿದರೆ ಸಾಕು, ಅವರು ತಣ್ಣಗಾಗುತ್ತಿದ್ದರು. ಪರದೆಯಲ್ಲಿ ಮುಟ್ಟಲು ಭುಜವಿಲ್ಲವಲ್ಲ, ಅದಕ್ಕೇ ಈ ತರಬೇತಿ. ಅವಳು ಮಾತಾಡುವಾಗ, ರೋಗಿಯ ಒಪ್ಪಿಗೆ ಪಡೆದು, ನಾನು ಮೇಜಿನ ಆಚೆ ಕೂತು ಕೇಳಿಸಿಕೊಳ್ಳುತ್ತಿದ್ದೆ.

ಅಂದು ಓರಿನ್ ಸ್ಟೆನರ್ಸನ್‌ನ ಸರದಿ. ಗೋಧಿ ಬೆಳೆಯುವವನು, ಮಾರ್ಲಿಸ್ ಚಿಕ್ಕವಳಿದ್ದಾಗ ಅವಳ ಶಾಲೆಯ ಬಸ್ಸು ಓಡಿಸುತ್ತಿದ್ದ. ಹೆಂಡತಿ ಸತ್ತ ಮೇಲೆ ಮಂಕಾಗಿದ್ದ. ಅಡುಗೆಮನೆಯಲ್ಲಿ ಅವಳ ಖಾಲಿ ಕುರ್ಚಿಯೆದುರು ಮಾತು ಬರುವುದಿಲ್ಲವೆಂದು ಅವನು ಯಾವಾಗಲೂ ಅಂಗಳದಲ್ಲಿ ನಿಲ್ಲಿಸಿದ ಪಿಕಪ್ ಟ್ರಕ್ಕಿನಲ್ಲಿ ಕೂತೇ ಮಾತಾಡುತ್ತಿದ್ದ. ಪರದೆಯಲ್ಲಿ ಅದೇ ಸೀಟು ಕಂಡದ್ದೇ ತಡ, ಮಾರ್ಲಿಸ್ ನನ್ನ ಪಾಠವನ್ನು ಗಾಳಿಗೆ ತೂರಿ ನೇರ ನಿದ್ದೆಯ ವಿಚಾರಕ್ಕೆ ಹೋದಳು.

“ಚೆನ್ನಾಗಿ ನಿದ್ದೆ ಬಂತು ಕಣಮ್ಮ” ಎಂದ ಓರಿನ್. ಗಡ್ಡ ಬೋಳಿಸಿದ್ದ. “ಮನಸ್ಸು ಹಗುರಾಗಿದೆ. ನಾಯಿ ಪೆಪ್ಪರನ್ನ ನನ್ನ ತಂಗಿ ಮನೇಲಿ ಬಿಟ್ಟೆ. ಇನ್ಮೇಲೆ ಅವಳೇ ನೋಡ್ಕೋತಾಳೆ.”

ಮಾರ್ಲಿಸ್ ಹಿಗ್ಗಿದಳು. ನಾನು ಪೆನ್ನಿಗೆ ಕೈ ಹಾಕಿದೆ. ಆ ನಾಯಿಯನ್ನು ಅವನು ಒಂದು ದಿನವೂ ಬಿಟ್ಟಿದ್ದವನಲ್ಲ. ಚೀಟಿಯ ಮೇಲೆ ದಪ್ಪಗೆ ‘ಎಲ್ಲಿ?’ ಎಂದು ಬರೆದು ಅವಳತ್ತ ಹಿಡಿದೆ. ಅವಳ ಮುಖ ಕೆಂಪಾಯಿತು.

“ಓರಿನ್, ಈಗ... ಎಲ್ಲಿದ್ದೀರಿ?”

“ಪಿಕಪ್‌ನಲ್ಲಿ. ಕಣ್ಣು ಕಾಣಲ್ವೇನೇ?”

ಅವಳು ನನ್ನನ್ನು ನೋಡಿದಳು. ನಾನು ಚೀಟಿ ಇಳಿಸಲಿಲ್ಲ.

“ಪಿಕಪ್ ಎಲ್ಲಿ ನಿಂತಿದೆ?”

ಅವನು ಕಿಟಕಿಯಾಚೆ ನೋಡಿದ. “ಹಳೇ ಅಣೆಕಟ್ಟಿನ ಹತ್ರ.”

ಮುಂದಿನದನ್ನು ನಾನು ಹೇಳಿಕೊಡಬೇಕಾಗಲಿಲ್ಲ. “ಸಾಯೋ ಯೋಚನೆ ಇದೆಯಾ ಓರಿನ್?” ಎಂದು ನೇರವಾಗಿ ಕೇಳಿದಳು.

“ಹೂಂ” ಎಂದ.

ನಾನು ಪಕ್ಕದ ಕೋಣೆಗೆ ಹೋಗಿ ಶೆರಿಫ್ ಕಚೇರಿಗೆ ಫೋನ್ ಮಾಡಿದೆ. ಎಲ್ಲಿಗೆ ಹೋಗಬೇಕೆಂದು ಹೇಳಲು ನನ್ನ ಬಳಿ ಉತ್ತರವಿತ್ತು. ಇಲ್ಲದಿದ್ದರೆ ಅವರು ಅವನ ಮನೆಯ ಬಾಗಿಲು ತಟ್ಟುತ್ತ ನಿಲ್ಲುತ್ತಿದ್ದರು. ವಾಪಸು ಬಂದು ತಲೆಯಾಡಿಸಿದೆ.

“ನಿಮ್ಮಿಂದ ಮುಚ್ಚಿಡಲ್ಲ” ಎಂದಳು ಮಾರ್ಲಿಸ್. “ನಿಮ್ಮ ಹತ್ರ ಜನ ಬರ್ತಿದಾರೆ. ಅಲ್ಲೀವರೆಗೂ ನಾನು ಏಳಲ್ಲ.”

“ಎಲ್ಲದಕ್ಕೂ ತಡ ನೀನು. ಬಸ್ಸಿಗೂ ತಡವಾಗೇ ಬರ್ತಿದ್ದೆ.”

“ನೀವು ಕಾಯ್ತಿದ್ರಲ್ಲ. ಈಗ ನನಗೋಸ್ಕರ ಇನ್ನೊಂದು ಸಲ ಕಾಯಿರಿ.”

ಅವನು ಅಳತೊಡಗಿದ. ಪಿಕಪ್ಪಿನ ಗಾಜನ್ನು ಹೊರಗಿನಿಂದ ಯಾರೋ ತಟ್ಟುವವರೆಗೂ ಅವಳು ಬಸ್ಸಿನ ದಿನಗಳ ಮಾತಾಡುತ್ತಲೇ ಇದ್ದಳು. ಕರೆ ಮುಗಿದ ಮೇಲೆ ಅವಳನ್ನು ಬೈಯಬೇಕೆಂದಿದ್ದೆ. ಬದಲಿಗೆ ಕಾಫಿ ಮಾಡಿಕೊಟ್ಟೆ.

ಓರಿನ್ ಕೆಲವು ವಾರ ಆಸ್ಪತ್ರೆಯಲ್ಲಿದ್ದ. ಆಮೇಲೆ ಮತ್ತೆ ಪರದೆಯ ಮೇಲೆ ಬಂದಾಗ ಮಾರ್ಲಿಸ್ ಬಾಯಿ ತೆರೆಯುವ ಮೊದಲೇ ಕೈ ಎತ್ತಿದ.

“ತಡಿ, ನಾನೇ ಹೇಳ್ತೀನಿ. ಅಡುಗೆಮನೇಲಿದ್ದೀನಿ. ತಂಗಿ ಆಚೆ ಬಟ್ಟೆ ಒಣಗಿಸ್ತಿದಾಳೆ. ಪೆಪ್ಪರ್ ಇಗೋ, ಕಾಲ ಹತ್ರ.”

“ಅಡುಗೆಮನೇಲಾ?” ಎಂದಳು ಮಾರ್ಲಿಸ್. “ಎಲ್ಲಿ ಕೂತಿದ್ದೀರಿ?”

“ನನ್ನವಳ ಕುರ್ಚೀಲಿ.”