ತಣ್ಣಗಿನ ಇಲಿಯನ್ನು ನಾನು ನಂಬಲಿಲ್ಲ

ನಾನು ಒಂದು ಬಾಲ್ ಪೈಥಾನ್. ಹೆಬ್ಬಾವಿನ ಜಾತಿಯೇ, ಆದರೆ ಗಾತ್ರದಲ್ಲಿ ಬಡವ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುವುದೊಂದೇ ನನಗೆ ಬರುವ ವಿದ್ಯೆ. ನನ್ನ ಹಿರಿಯರ ಕಾಡು ಆಫ್ರಿಕದಲ್ಲಿದೆಯಂತೆ. ನಾನು ಹುಟ್ಟಿದ್ದು ಮಾತ್ರ ಮೈಸೂರಿನ ಒಂದು ಮನೆಯಲ್ಲಿ, ಬಲ್ಬಿನ ಕಾವಿನಲ್ಲಿ. ಮೊಟ್ಟೆ ಸೀಳಿ ತಲೆ ಹೊರಗಿಟ್ಟಾಗ ಮೇಲಿನಿಂದ ದೊಡ್ಡದೊಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ತಲೆಯನ್ನು ಮತ್ತೆ ಒಳಗೆಳೆದುಕೊಂಡೆ. ಅನುಮಾನವೂ ನಾನೂ ಒಂದೇ ಮೊಟ್ಟೆಯಿಂದ ಬಂದವರು.

ಅಲ್ಲಿನ ಯಜಮಾನ ಭರತೇಶ ಜೀವಂತ ಇಲಿ ಕೊಡುತ್ತಿದ್ದ. ಒಮ್ಮೆ ಇಲಿಯೇ ತಿರುಗಿಬಿದ್ದು ನನ್ನ ಕುತ್ತಿಗೆ ಕಚ್ಚಿತು. ಗಾಯ ನೋಡಿದ ಭರತೇಶ, ಇನ್ನು ಹಾವು ಸಾಕುವುದು ತನ್ನಿಂದಾಗದೆಂದ. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ ತನ್ನ ಗೆಳೆಯ ಉಮಾನಾಥನಿಗೆ ನನ್ನನ್ನು ಒಪ್ಪಿಸಿದ.

ಉಮಾನಾಥ ಜೀವಂತ ಇಲಿ ಬೇಡವೆಂದ. ಸತ್ತು ಹೆಪ್ಪುಗಟ್ಟಿದ ಕರಿ ಇಲಿಗಳನ್ನು ತರಿಸಿ ಫ್ರೀಜರಿನಲ್ಲಿಟ್ಟ. ಅವನ ಹೆಂಡತಿ ಗಿರಿಜಕ್ಕ ಬಾಗಿಲು ತೆಗೆದವಳೇ ಕೂಗಿದಳು.

“ಬಂಗುಡೆ ಮೀನಿನ ಪಕ್ಕದಲ್ಲಿ ಇಲಿ ಮಲಗಿಸಿದ್ದೀರಲ್ಲ! ನಾಳೆ ಗಸಿಗೆ ಯಾವುದು ಹಾಕ್ಲಿ?”

“ಬಾಲ ನೋಡಿ ಹಾಕು ಮಾರಾಯ್ತಿ.”

ಆದರೂ ಐಸ್ ಬಿಡಿಸುವ ಕೆಲಸ ಅಡುಗೆಮನೆಯದಾದ್ದರಿಂದ ಅವಳದೇ ಆಯಿತು. ಸಂಜೆ ಉಮಾನಾಥ ಕೆಲಸದಿಂದ ಬಂದು, ಅವಳು ಬಟ್ಟಲಲ್ಲಿಟ್ಟ ಇಲಿಯನ್ನು ಚಿಮುಟದಲ್ಲಿ ಹಿಡಿದು ನನ್ನೆದುರು ಕುಣಿಸುತ್ತಿದ್ದ.

ಸತ್ತದ್ದು ಕುಣಿಯುವುದೆಂದರೇನು? ನಾನು ಹಿಂದೆ ಸರಿದೆ. ಮೈಯಲ್ಲಿ ಬಿಸಿಯಿಲ್ಲ. ಕೊಂದವರು ಯಾರು? ಕೊಂದವರು ತಿನ್ನದೆ ನನಗೇಕೆ ಕೊಡುತ್ತಾರೆ? ಅದಕ್ಕಿಂತ ಹೆಚ್ಚಾಗಿ, ನಾಲಿಗೆ ಚಾಚಿದರೆ ಕಟುವಾದ ಒಂದು ವಾಸನೆ, ಮಣ್ಣಿನಂಥದು. ಇಲಿಗೆ ಆ ವಾಸನೆ ಇರುವುದಿಲ್ಲ. ವಿಷವೆಂದೇ ತಿಳಿದು ಮುಖ ತಿರುಗಿಸಿದೆ.

ಉಮಾನಾಥ ಮಾಡದ ಉಪಾಯವಿಲ್ಲ. ಕೂದಲು ಒಣಗಿಸುವ ಯಂತ್ರದಿಂದ ಇಲಿಯ ತಲೆ ಬಿಸಿ ಮಾಡಿದ. ಪೆಟ್ಟಿಗೆಗೆ ಬಟ್ಟೆ ಮುಚ್ಚಿ ಕತ್ತಲು ಮಾಡಿದ. ಬಿಸಿಯಾದಷ್ಟೂ ಆ ವಾಸನೆ ಏರಿತು. ನನ್ನ ಬೆನ್ನುಮೂಳೆ ಎದ್ದು ಕಂಡಿತು; ಚರ್ಮ ನೆರಿಗೆಗಟ್ಟಿತು.

ಗಿರಿಜಕ್ಕ ಬಾಗಿಲಲ್ಲೇ ನಿಂತು ಕೇಳಿದಳು. “ಇದು ನಮ್ಮ ಮನೆಯಲ್ಲಿ ಹಸಿದು ಸತ್ರೆ ನಾಗದೋಷ ಹೊರುವುದು ಯಾರು?”

“ಇದು ನಾಗ ಅಲ್ಲ. ಹೆಡೆ ಉಂಟಾ ಇದಕ್ಕೆ?”

“ಹೆಡೆ ಇಲ್ಲದ್ದಕ್ಕೆ ಹಸಿವೆ ಇಲ್ವಾ?”

ಉಮಾನಾಥ ಚಿಮುಟ ಒರೆಸುತ್ತಾ ಕೂತ. ಒರೆಸಿದ ಬಿಳಿ ಬಟ್ಟೆ ಹಳದಿಯಾಯಿತು.

“ಇದೆಂತ ಗಿರಿಜಾ, ಹಳದಿ?”

“ಅರಿಶಿನ. ಮತ್ತೆ? ಉಪ್ಪು ಅರಿಶಿನ ಹಾಕಿ ತಿಕ್ಕದೆ ಹಾಗೇ ಕೊಡ್ಲಿಕ್ಕೆ ಆಗ್ತದಾ? ಮೀನಿಗೆ ಮಾಡುವುದಿಲ್ವಾ? ಅದೂ ಅಲ್ಲದೆ ನಾಗನಿಗೆ ಅರಿಶಿನ ಅಂದ್ರೆ ಪ್ರೀತಿ.”

“ಪ್ರತಿ ಸಲವೂ ಹಾಕಿದ್ದೀಯಾ?”

“ಒಂದು ಸಲವೂ ತಪ್ಪಿಸಲಿಲ್ಲ ಮಾರಾಯ್ರೇ.”

ಕರಿ ಕೂದಲಲ್ಲಿ ಬಣ್ಣ ಅವನಿಗೆ ಕಂಡಿರಲಿಲ್ಲ. ಐಸ್ ಪ್ಲಾಂಟಿನ ಅಮೋನಿಯಾ ಕುಡಿದ ಮೂಗಿಗೆ ವಾಸನೆಯೂ ಹತ್ತಿರಲಿಲ್ಲ. ಅವನು ನಗಲು ಶುರು ಮಾಡಿದವನು ಅವಳ ಮುಖ ನೋಡಿ ನಿಲ್ಲಿಸಿದ.

“ಹಾಗಾದ್ರೆ ಇದನ್ನು ಉಪವಾಸ ಕೆಡವಿದ್ದು ನಾನೇಯಾ?” ಎಂದಳು.

ಮರುದಿನ ಅವನು ಬರುವವರೆಗೂ ಅವಳು ಕಾಯಲಿಲ್ಲ. ಇಲಿಯನ್ನು ಕವರಿನಲ್ಲಿ ಕಟ್ಟಿ, ಮಗುವಿನ ಸ್ನಾನಕ್ಕೆ ಹದ ನೋಡುವಂತೆ ಮೊಣಕೈ ಅದ್ದಿ ನೋಡಿದ ಬಿಸಿನೀರಿನಲ್ಲಿಟ್ಟಳು. ಹಳೆ ಸೀರೆಯ ತುಂಡಿನಲ್ಲಿ ಒರೆಸಿದಳು. ಮುಖವನ್ನು ಗೋಡೆಗೆ ತಿರುಗಿಸಿ, ಕೈ ಮಾತ್ರ ಮುಂದೆ ಮಾಡಿ, “ತಿನ್ನು ಮಹಾರಾಯ,” ಎಂದಳು.

ಚಿಮುಟ ನಡುಗುತ್ತಿತ್ತು. ಆ ನಡುಕ ಕುಣಿತದಂತಿರಲಿಲ್ಲ. ಜೀವವಿರುವ ಇಲಿಯ ನಡುಕದಂತಿತ್ತು. ನಾಲಿಗೆ ಚಾಚಿದೆ. ಇಲಿ. ಬರಿಯ ಇಲಿ. ಇದರಲ್ಲೂ ಏನೋ ಮೋಸವಿದೆ ಅಂದುಕೊಳ್ಳುತ್ತಲೇ ಹಾರಿ ಹಿಡಿದೆ.

ಗಿರಿಜಕ್ಕ ಕಿರುಚಿ ಚಿಮುಟ ಬಿಸಾಡಿ ಓಡಿದಳು. ನಾನು ನುಂಗಿ ಮುಗಿಸುವಾಗ ಬಾಗಿಲ ಸಂದಿಯಲ್ಲಿ ಅವಳ ಒಂದು ಕಣ್ಣು ಕಂಡಿತು. ಒದ್ದೆಯಾಗಿತ್ತು.

ಈಗ ನನಗೆ ವಯಸ್ಸಾಗಿದೆ. ಮಾಳಿಗೆ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ಹೆಚ್ಚು ಹೊತ್ತು ನಿದ್ದೆ. ಉಣಿಸುವುದು ಅವಳೇ. ಅವಳು ಇಂದಿಗೂ ಗೋಡೆ ನೋಡಿಕೊಂಡೇ ಚಿಮುಟ ಹಿಡಿಯುತ್ತಾಳೆ. ನಾನೂ ಮೂಸಿ ನೋಡದೆ ಮುಟ್ಟುವುದಿಲ್ಲ. ಪೂರ್ತಿ ನಂಬಿದವರೇ ಚೆನ್ನಾಗಿ ಬಾಳುತ್ತಾರೆಂದು ಹೇಳುತ್ತಾರೆ. ನಾವಿಬ್ಬರೂ ಅಷ್ಟೊಂದು ನಂಬದೆಯೇ ಬಾಳಿದೆವು.