ಗಡಿ ದಾಟುವಾಗ ಕಿರುಚಾಟವಿಲ್ಲ

ತಾರಾಲಯದಲ್ಲಿ ಆಕಾಶದ ಲೆಕ್ಕ ಹಾಕುವ ಕೆಲಸ ಅವಳದು. ಕಪ್ಪುಕುಳಿಯೊಳಗೆ ಬೀಳುವವನ ಕಣ್ಣಿಗೆ ಏನೇನು ಕಾಣುತ್ತದೆ ಎಂಬ ಇಪ್ಪತ್ತು ನಿಮಿಷದ ಪ್ರದರ್ಶನಕ್ಕಾಗಿ ಎಂಟು ತಿಂಗಳು ತಲೆ ಕೆಡಿಸಿಕೊಂಡಿದ್ದಳು. ಮೊದಲ ಪ್ರದರ್ಶನದ ಬೆಳಿಗ್ಗೆ ಗುಮ್ಮಟದ ಮೇಲೆ ಮೂಡಿದ ಚಿತ್ರ ನೋಡಿ ಅವಳ ಮೈಯೆಲ್ಲ ಉರಿದುಹೋಯಿತು. ಬೀಳುವವನು ವಾಪಸ್ ಬರಲಾಗದ ಗಡಿ ಮುಟ್ಟಿದ ಕೂಡಲೇ ಬೆಂಕಿ, ಕಿರುಚಾಟ. ಆಮೇಲೆ ವಿಶ್ವದ ಭವಿಷ್ಯವೆಲ್ಲ ಒಂದೇ ನಿಮಿಷದಲ್ಲಿ ಅವನೆದುರು ಓಡಿ ಮುಗಿಯಿತು.

"ಇದನ್ನ ಯಾರು ಸೇರಿಸಿದ್ದು?"

"ನಾನೇ," ಎಂದರು ನಿರ್ದೇಶಕರು. "ಗಡೀಲಿ ಏನೂ ಆಗಲ್ಲ ಅಂತ ತೋರ್ಸಿದ್ರೆ ಜನ ಆಕಳಿಸ್ತಾರೆ ಕಣಮ್ಮ. ಅಷ್ಟಕ್ಕೂ ಯಾರು ಬಿದ್ದು ನೋಡ್ಕೊಂಡು ಬಂದಿದಾರೆ?"

"ಹಾಗಾದ್ರೆ ನನ್ನ ಲೆಕ್ಕ ಯಾಕೆ ಬೇಕಿತ್ತು ಸಾರ್? ಬಾಯಿಗೆ ಬಂದದ್ದು ಹೇಳೋಕೆ ನೀವೊಬ್ರೇ ಸಾಕಿತ್ತಲ್ಲ!"

ಅವರು ನಕ್ಕು ಎದ್ದುಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ಹನ್ನೊಂದಕ್ಕೆ ಜನ ತುಂಬಿದರು. ವಿವರಣೆ ಹೇಳುವವಳೂ ಅವಳೇ. ಕಿರುಚಾಟ ಶುರುವಾದದ್ದೇ ತಡ, ಮೈಕಿನಲ್ಲಿ ಹೇಳಿಬಿಟ್ಟಳು: "ನಿಲ್ಲಿಸಿ. ಇದು ಸುಳ್ಳು."

ಪ್ರೊಜೆಕ್ಟರ್ ನಡೆಸುವವನನ್ನು ಎಲ್ಲರೂ ಬಲ್ಬು ಎಂದೇ ಕರೆಯುತ್ತಿದ್ದರು. ಅವನು ಒಂದು ಕ್ಷಣ ಅವಳ ಮುಖ ನೋಡಿ, ಅವಳು ಮಾಡಿದ್ದ ಹಳೆಯ ಚಿತ್ರ ಹಾಕಿದ.

ಸಿಟ್ಟಿನಲ್ಲೇ ಅವಳು ವಿವರಿಸತೊಡಗಿದಳು. "ಈ ಕುಳಿ ತುಂಬಾ ದೊಡ್ಡದು, ಅದಕ್ಕೇ ಗಡೀಲಿ ಮೈ ಹರಿಯೋವಷ್ಟು ಸೆಳೆತ ಇರಲ್ಲ. ನೋಡಿ, ಗಡಿ ಇಲ್ಲೇ ದಾಟಿದ. ಗೋಡೆ ಇಲ್ಲ, ಬೋರ್ಡಿಲ್ಲ. ಮುಂದಿರೋ ಕಪ್ಪು ಬಿಲ್ಲೆ ಅರ್ಧ ಆಕಾಶವನ್ನೂ ಮುಚ್ಚಿಲ್ಲ. ಹಿಂದಿನ ನಕ್ಷತ್ರಗಳು ಸ್ವಲ್ಪ ಕೆಂಪಾಗಿ, ಮಂಕಾಗಿ ಇನ್ನೂ ಕಾಣ್ತಿವೆ. ಅವನ ವಾಚು ಎಂದಿನ ಹಾಗೇ ಓಡ್ತಿದೆ. ದೂರದಿಂದ ನೋಡೋ ನಮಗೆ ಮಾತ್ರ ಅವನು ನಿಧಾನವಾಗ್ತಾ, ಕೆಂಪಾಗ್ತಾ ಗಡಿ ಹತ್ರಾನೇ ಮಾಸಿಹೋಗ್ತಾನೆ."

ಮುಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು: "ದಾಟಿದ್ದು ಅವನಿಗೆ ಗೊತ್ತೇ ಆಗಲ್ವೇನಮ್ಮ?"

"ಆಗಲ್ಲಜ್ಜಿ. ವಾಪಸ್ ಬರೋಕೆ ನೋಡಿದ್ರೆ ಆಗ ಗೊತ್ತಾಗುತ್ತೆ."

ಯಾರೂ ಆಕಳಿಸಲಿಲ್ಲ. ನಿರ್ದೇಶಕರು ದಡದಡನೆ ಬಂದು ಮೈಕು ಕಿತ್ತುಕೊಂಡರು. ಆಮೇಲೆ ತಮ್ಮ ಕೋಣೆಗೆ ಕರೆಸಿ, ಬಿಳಿ ಹಾಳೆಯೊಂದನ್ನು ಅವಳತ್ತ ತಳ್ಳಿದರು. "ಕ್ಷಮಾಪಣೆ ಬರೆದುಕೊಡಿ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ."

"ಬರಲ್ಲ ಬಿಡಿ," ಎಂದು ಅವಳು ಹೊರಬಿದ್ದಳು.

ಬಲ್ಬು ಅವಳ ಕಾಗದದ ಕಟ್ಟು ಹೊತ್ತು ಬಸ್ ನಿಲ್ದಾಣದವರೆಗೂ ಬಂದ. "ಬೇಜಾರು ಮಾಡ್ಕೋಬೇಡಿ ಮೇಡಂ, ಇಷ್ಟು ದಿನ ನಿಮ್ಮ ಚಿತ್ರ ನಂಗೂ ನಿದ್ದೆ ತರಿಸ್ತಿತ್ತು. ಇವತ್ತೇ ಅರ್ಥ ಆಗಿದ್ದು."

"ಮೊದಲೇ ಕೇಳೋಕೇನಾಗಿತ್ತು ನಿಂಗೆ?" ಎಂದು ಅವನ ಮೇಲೂ ರೇಗಿದಳು. ಬಸ್ಸು ಹತ್ತಿದಳು. ಎಲ್ಲಿಗೆ ಎಂದ ಕಂಡಕ್ಟರಿಗೆ ಅಭ್ಯಾಸದಂತೆ ತಾರಾಲಯ ಎಂದುಬಿಟ್ಟು, ಆಮೇಲೆ ತನ್ನ ಮನೆಯ ನಿಲ್ದಾಣ ಹೇಳಿದಳು.