ಅಣ್ಣನ ಬಾಡಿ, ತಮ್ಮನ ಇಂಜಿನ್

ಪೆರೇಸಂದ್ರದ ವೆಂಕಟರಾಮಪ್ಪನವರೂ ಅವರ ತಮ್ಮ ಚನ್ನಕೇಶವನವರೂ ಎಂಬತ್ಮೂರನೇ ಇಸವಿಯಲ್ಲಿ ಪಾಲಾದಾಗ ಹೊಲ, ತೋಟ, ಎತ್ತು, ಹಂಡೆ ಎಲ್ಲ ಸರಾಗವಾಗಿ ಹಂಚಿಹೋದವು. ಕಡೆಗೆ ಉಳಿದದ್ದು ಅಪ್ಪನ ಕಾರು. ಐವತ್ತೆರಡನೇ ಇಸವಿಯ ಎಂ.ಜಿ. ಕಂಪನಿಯದು, ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಚಾವಣಿಯಿಲ್ಲ. ಮಾರಿಬಿಡಿ ಎಂದವರ ಮೇಲೆ ಇಬ್ಬರೂ ಕೆಂಡವಾದರು. ಅಪ್ಪನ ಕಾರನ್ನು ಮಾರುವುದುಂಟೇ?

ನಮ್ಮ ಕಡೆಯ ಪದ್ಧತಿ ಎಂದರೆ ಅಣ್ಣ ಪಾಲು ಮಾಡಬೇಕು, ತಮ್ಮ ಮೊದಲು ಆರಿಸಿಕೊಳ್ಳಬೇಕು. ಮೋಸವಾಗದಿರಲೆಂದು ಹಿಂದಿನವರು ಮಾಡಿಟ್ಟ ಏರ್ಪಾಡು. ಹಿಂದಿನವರು ವೆಂಕಟರಾಮಪ್ಪನವರ ತಲೆಯನ್ನು ಕಂಡಿರಲಿಲ್ಲ, ಅಷ್ಟೇ. ಅವರು ಮೀಸೆ ತೀಡಿ, "ಒಂದು ಪಾಲು ಕಾರು, ಇನ್ನೊಂದು ಪಾಲು ಅದರ ಇಂಜಿನ್ನು" ಎಂದುಬಿಟ್ಟರು. ತಮ್ಮ ಹೊಳೆಯುವುದನ್ನು ಆರಿಸುತ್ತಾನೆ, ಆಮೇಲೆ ಇಂಜಿನ್ನಿಗಾಗಿ ನನ್ನ ಬಾಗಿಲಿಗೇ ಬರುತ್ತಾನೆ ಎಂದು ಅವರ ಎಣಿಕೆ. ಚನ್ನಕೇಶವನವರು ಇಂಜಿನ್ನನ್ನೇ ಆರಿಸಿಕೊಂಡರು. ನಂದಿಯ ಹತ್ತಿರ ಅವರ ಪಾಲಿಗೆ ಬಂದ ದ್ರಾಕ್ಷಿ ತೋಟಕ್ಕೆ ನೀರೆತ್ತಬೇಕಿತ್ತು, ಕರೆಂಟು ಬರುತ್ತಿದ್ದದ್ದು ದಿನಕ್ಕೆ ಮೂರು ಗಂಟೆ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ನಾನು ಕೋನಪ್ಪ, ಚಿಕ್ಕಬಳ್ಳಾಪುರದಲ್ಲಿ ಮೆಕ್ಯಾನಿಕ್. ಆ ಇಂಜಿನ್ನನ್ನು ಕಾರಿನಿಂದ ಬೇರೆ ಮಾಡಿದ ಪಾಪಿ ನಾನೇ. ಎಂಟು ವರ್ಷ ಅದು ಬಾವಿಯ ದಂಡೆಯಲ್ಲಿ ಸೀಮೆಎಣ್ಣೆ ಕುಡಿದು ನೀರೆತ್ತಿತು. ಪೆರೇಸಂದ್ರದ ಕೊಟ್ಟಿಗೆಯಲ್ಲಿದ್ದ ಬಾಡಿಯ ಸೀಟುಗಳ ಮೇಲೆ ಕೋಳಿಗಳು ಕಾವಿಗೆ ಕೂತವು.

ತೊಂಬತ್ತೊಂದರಲ್ಲಿ ಬೆಂಗಳೂರಿನ ಹಳೇ ಕಾರುಗಳ ಕ್ಲಬ್ಬೊಂದು ನಂದಿಬೆಟ್ಟಕ್ಕೆ ಮೆರವಣಿಗೆ ಹೊರಡಿಸುವುದೆಂದು ವೆಂಕಟರಾಮಪ್ಪನವರಿಗೂ ಕಾಗದ ಬಂತು. ಅವರು ಬರುತ್ತೇನೆಂದು ಉತ್ತರ ಬರೆದರು, ಊರಿಗೆಲ್ಲ ಸಾರಿದರು, ಇಂಜಿನ್ನಿಲ್ಲ ಎಂಬುದು ನೆನಪಾದ ಮೇಲೆ ನನ್ನನ್ನು ಕರೆಸಿದರು. ಅವರು ಜಗಲಿಯ ಮೇಲೆ ಕೂತಿದ್ದರು, ನಾನು ಎಂದಿನಂತೆ ಅಂಗಳದಲ್ಲಿ ನಿಂತೆ.

"ಕೋನಪ್ಪ, ಇದಕ್ಕೊಂದು ಡೀಸಲ್ ವ್ಯಾನಿನ ಇಂಜಿನ್ ಕೂರ್ಸಿಬಿಡು. ಮೈಲೇಜ್ ಎಷ್ಟು ಕೊಡುತ್ತೆ?"

"ಗೌಡ್ರೇ, ಇದು ಓಡೋ ಕಾರು. ಕುದುರೆಗೆ ಕೋಣನ ಕಾಲು ಹಾಕಿ ಅಂದಂಗಾಯ್ತು."

"ಕೋಣಾನೂ ನಡೆಯುತ್ತಲ್ಲಯ್ಯಾ!"

ಪುಣ್ಯಕ್ಕೆ ಅದೇ ವಾರ ಕಾರು ನೋಡಲು ಕ್ಲಬ್ಬಿನ ಕಾರ್ಯದರ್ಶಿ ಬಂದರು. ಆರ್.ಸಿ. ಪುಸ್ತಕದಲ್ಲಿರುವ ನಂಬರಿನ ಇಂಜಿನ್ನೇ ಆಗಬೇಕು, ಇಲ್ಲವಾದರೆ ಪ್ರವೇಶವಿಲ್ಲ ಎಂದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಆ ಇಂಜಿನ್ನಲ್ಲೇ ಇದು ಬೆಟ್ಟ ಹತ್ತಿದ್ರೆ, ನಮ್ಮ ಕ್ಲಬ್ಬಿನ ಕಾರುಗಳ ಕೆಲಸ ಎಲ್ಲ ನಿಮಗೇ" ಎಂದರು. ಇಪ್ಪತ್ತು ವರ್ಷದಿಂದ ನನ್ನನ್ನು ಜನ ಪಂಪ್‌ಸೆಟ್ ಕೋನಪ್ಪ ಎಂದೇ ಕರೆಯುತ್ತಿದ್ದರು. ಒಂದು ಸಲವಾದರೂ ಕಾರು ಮೆಕ್ಯಾನಿಕ್ ಎನಿಸಿಕೊಳ್ಳಬೇಕೆಂಬ ಆಸೆ ನನಗೆ ಹುಚ್ಚಿನಷ್ಟಿತ್ತು, ಸುಳ್ಳೇಕೆ ಹೇಳಲಿ.

ಅಣ್ಣ ತಮ್ಮನನ್ನು ಕೇಳುವವರಲ್ಲ. ನಾನೇ ನಂದಿಗೆ ಹೋದೆ.

"ಕೊಡ್ತೀನಿ," ಎಂದರು ಚನ್ನಕೇಶವನವರು. "ಆದ್ರೆ ಇಂಜಿನ್ ನಂದು. ಅದೆಲ್ಲಿಗೆ ಹೋಗುತ್ತೋ ಅಲ್ಲಿಗೆ ನಾನೂ ಹೋಗ್ತೀನಿ. ಅವನು ಸ್ಟೇರಿಂಗ್ ಹಿಡೀಲಿ, ನಾನು ಪಕ್ಕದಲ್ಲಿ ಕೂರ್ತೀನಿ. ಮಾತು ಮಾತ್ರ ಆಡಲ್ಲ."

"ಕೂತ್ಕೊಳ್ಲಿ ಬಿಡು," ಎಂದರು ಅಣ್ಣ, ನಾನು ಪೆರೇಸಂದ್ರಕ್ಕೆ ಬಂದು ಹೇಳಿದಾಗ. "ನಾನು ರೋಡ್ ನೋಡ್ತೀನೋ, ಅವನ ಮುಖ ನೋಡ್ತೀನೋ?"

ನಾಲ್ಕು ತಿಂಗಳು ನನ್ನ ಶೆಡ್ಡಿನಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಬಿಚ್ಚಿ ನೋಡಿದರೆ ಇಂಜಿನ್ನಿನ ಒಳಗೆಲ್ಲ ಒಲೆಯ ಮಸಿ. ಸವೆದ ಸಿಲಿಂಡರುಗಳನ್ನು ಬೆಂಗಳೂರಿಗೆ ಒಯ್ದು ಬೋರು ಹೊಡೆಸಿ ಒಳಮೈ ನುಣುಪು ಮಾಡಿಸಿದೆ. ಅದರ ಪಿಸ್ಟನ್ನುಗಳು ಎಲ್ಲೂ ಸಿಗದೆ ಬೇರೆ ಕಾರಿನವನ್ನು ತಂದು, ಕೂದಲೆಳೆಯಷ್ಟು ತೆಗೆಸಿ ಹೊಂದಿಸಿದೆ. ವಾಲ್ವುಗಳನ್ನು ಒಂದೊಂದಾಗಿ ಅಂಗೈಯಲ್ಲಿ ತಿರುಗಿಸಿ ಉಜ್ಜಿ ಕೂರಿಸಿದೆ, ಅಂಗೈಯಲ್ಲಿ ಬೊಬ್ಬೆ ಎದ್ದವು. ಕಡೆಗೆ ಇಂಜಿನ್ನನ್ನು ಬಾಡಿಗೆ ಏರಿಸಿ ಹ್ಯಾಂಡಲ್ ಹಾಕಿ ತಿರುಗಿಸಿದಾಗ ಎರಡನೇ ಸುತ್ತಿಗೇ ಹಿಡಿಯಿತು. ತಡವರಿಕೆಯಿಲ್ಲ, ಕೆಮ್ಮಿಲ್ಲ, ಒಂದೇ ಸಮನೆಯ ದನಿ. ನಾನು ಶೆಡ್ಡಿನ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ.

ಹೊರಡುವ ದಿನ ಇಬ್ಬರಿಗೂ ಬೇರೆಬೇರೆಯಾಗಿ ಹೇಳಿದೆ. "ಏರಿನಲ್ಲಿ ನೀರು ಕಾಯುತ್ತೆ. ಹಬೆ ಕಂಡ್ರೆ ನಿಲ್ಸಿ, ಆಫ್ ಮಾಡಿ, ಆರಿದ್ಮೇಲೆ ನೀರು ಹಾಕಿ. ಸೀಟಿನ ಹಿಂದೆ ಕ್ಯಾನ್ ಇಟ್ಟಿದೀನಿ." ಇಬ್ಬರೂ ತಲೆಯಾಡಿಸಿದರು. ಇದ್ದದ್ದು ಎರಡೇ ಸೀಟು, ನಾನು ಹಿಂದಿನಿಂದ ಮೊಪೆಡ್ಡಿನಲ್ಲಿ ಹೊರಟೆ. ಬೆಟ್ಟದ ಬುಡದಲ್ಲೇ ಅದು ಕೈಕೊಟ್ಟಿತು. ಊರವರ ಗಾಡಿ ಸರಿಮಾಡುವವನ ಸ್ವಂತ ಗಾಡಿಯ ಗತಿ ಯಾವಾಗಲೂ ಇಷ್ಟೇ. ತಳ್ಳಿಕೊಂಡು ಹತ್ತಿದೆ.

ಹನ್ನೆರಡನೇ ತಿರುವಿನಲ್ಲಿ ಜೋಳದ ತೆನೆ ಸುಟ್ಟು ಮಾರುವ ಮುನಿಶಾಮಮ್ಮ ಎಲ್ಲವನ್ನೂ ಕಣ್ಣಾರೆ ಕಂಡು ನನಗೆ ಹೇಳಿದಳು. ಅಲ್ಲಿ ಹಬೆ ಎದ್ದಿತಂತೆ. ಕಾರು ನಿಲ್ಲಿಸಿ ಇಬ್ಬರೂ ಇಳಿದರಂತೆ. ಎಂಟು ವರ್ಷದ ಮೌನ ಮುರಿದದ್ದು ಹೀಗೆ:

"ಆಫ್ ಮಾಡೋ. ಇಂಜಿನ್ ನಿಂದು," ಎಂದರು ಅಣ್ಣ.

"ಕೀ ಇರೋದು ನಿನ್ ಬಾಡೀಲಿ. ನೀನೇ ಮಾಡು," ಎಂದರು ತಮ್ಮ.

"ಹಂಗಾದ್ರೆ ನೀರು ಹಾಕು. ಕಾದಿರೋದು ನಿನ್ ಇಂಜಿನ್ನು."

"ನೀರು ಹಾಕೋದು ರೇಡಿಯೇಟರಿಗೆ. ಅದು ಯಾರ ಪಾಲು? ಪತ್ರ ತೆಗಿ, ನೋಡೇಬಿಡಣ."

ಪಾಲುಪತ್ರದಲ್ಲಿ ರೇಡಿಯೇಟರಿನ ಹೆಸರೇ ಇರಲಿಲ್ಲ. ಜಗಳ ರೇಡಿಯೇಟರಿನಿಂದ ಬಾವಿಗೆ, ಬಾವಿಯಿಂದ ಹುಣಸೇಮರಕ್ಕೆ, ಅಲ್ಲಿಂದ ಅಮ್ಮನ ಕಾಸಿನ ಸರಕ್ಕೆ ಹೋಯಿತು. ತುಂಬಿದ ಕ್ಯಾನು ಸೀಟಿನ ಹಿಂದೆಯೇ ಇತ್ತು. "ಬ್ಯಾಡ್ರಪ್ಪಾ, ನಾನಾದ್ರೂ ಹುಯ್ತೀನಿ" ಎಂದ ಮುನಿಶಾಮಮ್ಮನಿಗೆ, "ನಮ್ಮ ಮನೆ ವಿಷಯ, ನೀನು ಸುಮ್ಕಿರಮ್ಮಾ" ಎಂದು ಇಬ್ಬರೂ ಗದರಿದರಂತೆ. ನನ್ನ ಇಂಜಿನ್ನು ಒಣಗಿದ ಗಂಟಲಲ್ಲಿ ಓಡುತ್ತಲೇ ಇತ್ತು. ಕೊನೆಗೆ ಕಟಕ್ ಎಂದು ಸಿಕ್ಕಿ ನಿಂತುಹೋಯಿತು.

ನಾನು ಏದುಸಿರು ಬಿಡುತ್ತ ತಲುಪುವಾಗ ಕಾರ್ಯದರ್ಶಿಯವರೂ ಮೇಲಿನಿಂದ ಇಳಿದು ಬಂದಿದ್ದರು. "ಏನಾಯ್ತು?" ಎಂದು ಕೇಳಿದರು. ಅಣ್ಣ ತಮ್ಮನ ಮುಖ ನೋಡಿದರು, ತಮ್ಮ ಅಣ್ಣನ ಮುಖ ನೋಡಿದರು.

"ರಿಪೇರಿ ಸರಿಯಾಗಿ ಮಾಡಿಲ್ಲ ಸಾರ್," ಎಂದರು ಅಣ್ಣ.

"ನಮ್ಮಣ್ಣ ಹೇಳೋದು ನಿಜ ಸಾರ್. ಪಂಪ್‌ಸೆಟ್ ಮೆಕ್ಯಾನಿಕ್ಕು, ಇವನಿಗೆ ಕಾರು ಎಲ್ಲಿ ಗೊತ್ತಾಗುತ್ತೆ?" ಎಂದರು ತಮ್ಮ.

"ಸಾರ್, ನೀರು ಹಾಕಿಲ್ಲ, ಕ್ಯಾನ್ ನೋಡಿ ಸಾರ್" ಎಂದೆ. ಕಾರ್ಯದರ್ಶಿಯವರು ನೋಡಿದ್ದು ಕ್ಯಾನನ್ನಲ್ಲ, ನಾನು ತಳ್ಳಿಕೊಂಡು ಬಂದ ಮೊಪೆಡ್ಡನ್ನು. ಹಾಗೇ ತಿರುಗಿ ಹೊರಟುಹೋದರು. ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ, ದಾರಿಯುದ್ದಕ್ಕೂ ನನ್ನನ್ನು ಬೈದುಕೊಂಡು ಪೆರೇಸಂದ್ರಕ್ಕೆ ಹೋದರು.

ಮೂರನೇ ದಿನ ಅವರ ತಾಯಿ ವರಲಕ್ಷ್ಮಮ್ಮನವರು ಶೆಡ್ಡಿಗೆ ಬಂದರು. ಎಂದೂ ಬಂದವರಲ್ಲ. ಕೈಯಲ್ಲಿ ಹೋಳಿಗೆಯ ಡಬ್ಬಿ.

"ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ ಕೋನಪ್ಪ. ಇಬ್ರೂ ಒಂದೇ ಪಂಕ್ತೀಲಿ ಕೂತು ಉಂಡ್ರು. ಎಂಟು ವರ್ಷ ಊರ ದೊಡ್ಡೋರ ಕೈಲಾಗದ್ದು ನಿನ್ ಕೈಲಾಯ್ತು."

"ಅಮ್ಮಾ, ನನ್ ಕೆಲಸದಲ್ಲಿ ತಪ್ಪಿರ್ಲಿಲ್ಲ," ಎಂದೆ.

"ಗೊತ್ತಪ್ಪ. ಮುನಿಶಾಮಮ್ಮ ಎಲ್ಲ ಹೇಳಿದ್ಳು."

"ಹಂಗಾದ್ರೆ ಆ ಬೆಂಗ್ಳೂರಿನೋರಿಗೆ ಒಂದು ಕಾಗದ ಬರೆಸ್ತೀರಾ? ಎರಡೇ ಸಾಲು ಸಾಕು."

ವರಲಕ್ಷ್ಮಮ್ಮನವರು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡರು.

"ಬ್ಯಾಡ ನಾಯನಾ. ನಿಂದು ತಪ್ಪಿಲ್ಲ ಅಂತಾದ್ರೆ ಅವರಿಬ್ರೂ ಮತ್ತೆ ಮಾತು ಬಿಡ್ತಾರಲ್ಲಪ್ಪಾ!"